ಅನಿಲ ಮಾದರಿಗೆ ಸಿರಿಂಜಿಗಿಂತ ಕವಾಟವೇ ಏಕೆ?

ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಉತ್ಪಾದಿಸುವ ಎಲ್‌ಪಿಜಿಯಂಥ ಅನಿಲದಲ್ಲಿ ಪ್ರೊಪೇನ್ ಎಷ್ಟು, ಬ್ಯೂಟೇನ್ ಎಷ್ಟು ಎಂದು ಅಳೆಯುವ ಉಪಕರಣ ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಅದರ ಫಲಿತಾಂಶ ನಂಬಲರ್ಹವೇ ಎಂಬುದು ಬಹುಮಟ್ಟಿಗೆ ಮಾದರಿಯನ್ನು ಒಳಬಿಡುವ ಹಂತದಲ್ಲೇ ತೀರ್ಮಾನವಾಗುತ್ತದೆ. ಆರು ದ್ವಾರಗಳ ಕವಾಟದಲ್ಲಿ ಅನಿಲ ಮೊದಲು ನಿಗದಿತ ಗಾತ್ರದ, ಉದಾಹರಣೆಗೆ 1 ಮಿ.ಲೀ. ಸುರುಳಿ ನಳಿಕೆಯನ್ನು ತುಂಬುತ್ತದೆ. ಕವಾಟ ತಿರುಗಿಸಿದೊಡನೆ ಹೀಲಿಯಂನಂಥ ವಾಹಕ ಅನಿಲ ನಳಿಕೆಯಲ್ಲಿನ ಮಾದರಿಯನ್ನು ಘಟಕಗಳನ್ನು ಬೇರ್ಪಡಿಸುವ ಕಾಲಂಗೆ ತಳ್ಳುತ್ತದೆ. ಸಿರಿಂಜ್ ಅಗ್ಗ, ಬಳಕೆಗೆ ಸುಲಭ ಎಂಬ ವಾದ ಸುಳ್ಳಲ್ಲ. ಆದರೆ ಅನಿಲ ಒತ್ತಡಕ್ಕೆ ಕುಗ್ಗುತ್ತದೆ, ಸೂಜಿಯಿಂದ ಸೋರುತ್ತದೆ. ಕವಾಟದಲ್ಲೂ ಗಾತ್ರವೊಂದೇ ಸ್ಥಿರವಾಗಿದ್ದರೆ ಸಾಲದು: ಆದರ್ಶ ಅನಿಲ ನಿಯಮದಂತೆ ಒತ್ತಡ, ತಾಪಮಾನ ಬದಲಾದರೆ ಅಣುಗಳ ಸಂಖ್ಯೆಯೂ ಬದಲಾಗುತ್ತದೆ. ಹಾಗಾಗಿ ಕವಾಟ ತಿರುಗಿಸುವ ಮುನ್ನ ಸುರುಳಿಯ ಒತ್ತಡವನ್ನು ಸಾಮಾನ್ಯವಾಗಿ ವಾತಾವರಣದ ಮಟ್ಟಕ್ಕೆ ಇಳಿಸುತ್ತಾರೆ. ಎಲ್‌ಪಿಜಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರೊಪೇನ್ ಕುದಿಯುವುದು −42 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬ್ಯೂಟೇನ್ −0.5ರಲ್ಲಿ; ಹಾಗಾಗಿ ಸಿಲಿಂಡರಿನ ಮೇಲ್ಭಾಗದ ಆವಿಯನ್ನಷ್ಟೇ ತೆಗೆದರೆ ಪ್ರೊಪೇನ್ ಹೆಚ್ಚಾಗಿ ಕಾಣುತ್ತದೆ. ದ್ರವವನ್ನೇ ತೆಗೆದು ಪೂರ್ತಿ ಆವಿಯಾಗಿಸುವುದು ಸರಿಯಾದ ಕ್ರಮ.