ಮೂಗಿಗಿಂತ ಮೂಗುತಿ ಭಾರ

ಮೇಡಂ, 2 ವರ್ಷದ ಹಿಂದೆ 2012ರ ಜರ್ಮನ್ ಸೆಡಾನ್ ಒಂದನ್ನು 9 ಲಕ್ಷಕ್ಕೆ ಕೊಂಡೆ. ಹೊಸದರಲ್ಲಿ ಅದರ ಬೆಲೆ 80 ಲಕ್ಷದ ಮೇಲಿತ್ತಂತೆ. ಇಲ್ಲಿಯತನಕ ರಿಪೇರಿಗೇ 4 ಲಕ್ಷ ಹೋಗಿದೆ. ಈಗ ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಎಡಭಾಗ ಕುಸಿದು ಕೂತಿರುತ್ತದೆ. ಮುಂದಿನ ಎರಡೂ ಏರ್ ಸಸ್ಪೆನ್ಷನ್, ಕಂಪ್ರೆಸರ್ ಸೇರಿ 3 ಲಕ್ಷ ಎಸ್ಟಿಮೇಟ್ ಕೊಟ್ಟಿದ್ದಾರೆ. ಮನೆಯವಳಿಗೆ ಹೇಳಿಲ್ಲ. ಇಷ್ಟು ಸುರಿದ ಮೇಲೆ ಮಾರಲೂ ಮನಸ್ಸು ಬರುತ್ತಿಲ್ಲ.
- ಹೆಸರು ಬೇಡ, ತುಮಕೂರು

ನಿಮ್ಮ ಗಾಡಿ ಕೋಲೆ ಬಸವನ ಹಾಗೆ ಒಂದು ಕಾಲು ಮಡಿಸಿ ನಿಂತದ್ದನ್ನು ನೆನೆದು ನಗು ಬಂತು, ಕ್ಷಮಿಸಿ. ನೀವು ಕೊಂಡಿದ್ದು 9 ಲಕ್ಷದ ಕಾರು ನಿಜ, ಆದರೆ ಕೆಡುವುದು 80 ಲಕ್ಷದ ಕಾರಿನ ಬಿಡಿಭಾಗ. ಗಾಡಿಯ ಬೆಲೆ ಇಳಿದಷ್ಟು ಅದರ ಸ್ಪೇರ್‌ಗಳ ಬೆಲೆ ಇಳಿಯುವುದಿಲ್ಲ. ಸವೆತಕ್ಕೆ ಇನ್ಶೂರೆನ್ಸ್‌ನವರೂ ದುಡ್ಡು ಕೊಡುವುದಿಲ್ಲ.

ಮೊದಲು ಆ 3 ಲಕ್ಷವನ್ನು ಬಿಡಿಸಿ ನೋಡೋಣ. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ನಿಮ್ಮ ಗಾಡಿಗೆ ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ವಯಸ್ಸಾದ ರಬ್ಬರ್ ಬಿರುಕು ಬಿಟ್ಟು ರಾತ್ರಿಯೆಲ್ಲ ಗಾಳಿ ಸೋರುತ್ತದೆ. ಬೆಳಿಗ್ಗೆ ಕಂಪ್ರೆಸರ್ ಏದುಸಿರು ಬಿಟ್ಟು ತುಂಬಿಸುತ್ತದೆ. ಹೀಗೇ ಓಡಿಸುತ್ತಿದ್ದರೆ ಒಂದು ದಿನ ಅದೂ ಸುಟ್ಟುಹೋಗುತ್ತದೆ. ಈ ಗಾಡಿಗಳಲ್ಲಿ ಪಳಗಿದ ಹೊರಗಿನ ಮೆಕ್ಯಾನಿಕ್ ಹತ್ತಿರ ಹೋಗಿ ಸೋಪು ನೀರು ಹಾಕಿಸಿ ನೋಡಿ. ಗುಳ್ಳೆ ಎದ್ದ ಕಡೆ ಸೋರಿಕೆ. ಎರಡು ಚೀಲಕ್ಕೂ ಒಂದೇ ವಯಸ್ಸು, ಜೋಡಿಯಾಗಿಯೇ ಬದಲಿಸಿ. ಕಂಪ್ರೆಸರ್ ಗಾಡಿಯನ್ನು ಸಲೀಸಾಗಿ ಎತ್ತುತ್ತಿದ್ದರೆ ಅದರ ತಂಟೆಗೆ ಹೋಗಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಒಮ್ಮೆ ಚೀಲದ ಬೆಲೆ ವಿಚಾರಿಸಿ. ಗುಜರಿಯ ಚೀಲ ಮಾತ್ರ ಬೇಡ, ಅದರ ರಬ್ಬರೂ ಅಷ್ಟೇ ಹಳೆಯದು.

ಇನ್ನು ಹೋದ 4 ಲಕ್ಷ. ಅದು ಹೋಯಿತು. ಅದನ್ನು ಉಳಿಸಲು ಇನ್ನೂ 3 ಲಕ್ಷ ಹಾಕುತ್ತೇನೆ ಅನ್ನುವುದು ಇಸ್ಪೀಟಿನ ಲೆಕ್ಕ. ಹೋದ ಆ 4 ಲಕ್ಷವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 16 ಸಾವಿರದ ಮೇಲಾಯಿತು. ಮುಂದೆಯೂ ಅಷ್ಟನ್ನು, ಮಕ್ಕಳ ಫೀಸು, ಮನೆ ಸಾಲದ ಕಂತು ಮುಟ್ಟದೆ, ಎತ್ತಿಡಬಲ್ಲಿರಾ? ಹಾಗಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಿ; ಚಂದದ ಗಾಡಿ ಓಡಿಸುವ ಖುಷಿಗೆ ನನ್ನ ತಕರಾರಿಲ್ಲ. ಆಗದಿದ್ದರೆ ಸಸ್ಪೆನ್ಷನ್ ಮಾತ್ರ ಸರಿಮಾಡಿಸಿ ಮಾರಿಬಿಡಿ. ಕುಸಿದ ಗಾಡಿ ಕಂಡರೆ ಕೊಳ್ಳುವವರು ರಿಪೇರಿ ಖರ್ಚಿಗಿಂತ ಹೆಚ್ಚೇ ಮುರಿದುಕೊಳ್ಳುತ್ತಾರೆ. 2027ಕ್ಕೆ 15 ವರ್ಷ ತುಂಬಿ ಆರ್‌ಸಿ ನವೀಕರಣ, ಎಫ್‌ಸಿ ಅಂತ ಆರ್‌ಟಿಒ ಅಲೆಯುವ ಕೆಲಸ ಬೇರೆ ಇದೆ. ನನ್ನನ್ನು ಕೇಳಿದರೆ, ಮಾರಿ.

ಆದರೆ ಆ ನಿರ್ಧಾರ ನಿಮ್ಮೊಬ್ಬರದಲ್ಲ. ಇವತ್ತೇ ಬಿಲ್ಲುಗಳನ್ನೆಲ್ಲ ಮನೆಯವರ ಮುಂದಿಟ್ಟು ಕೂತು ಮಾತಾಡಿ. ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಲ್ಲ, ದಿನಾ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲಿಗೆ ಬರುವವರಿಗೆ ವಾಲಿಕೊಂಡು ನಿಂತ ಗಾಡಿ ಕಾಣದೇ ಇರುತ್ತದೆಯೇ?