ಕುದ್ಮುಲ್ ರಂಗರಾಯರು ತೆರೆದ ಶಾಲೆ



ಹೋದ ವಾರ ಸಮಾಜ ಪಿರಿಯಡ್ಡಿನಲ್ಲಿ ಮೇಷ್ಟ್ರು ನೆಲ್ಸನ್ ಮಂಡೇಲಾ ಅವರ ಬಗ್ಗೆ ಹೇಳಿದರು. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರಿಗೆ ಒಂದು ಶಾಲೆ, ಕರಿಯರಿಗೆ ಬೇರೆ ಶಾಲೆ ಇತ್ತಂತೆ. ಅದನ್ನು ವಿರೋಧಿಸಿದ ಮಂಡೇಲಾ 27 ವರ್ಷ ಸೆರೆಮನೆಯಲ್ಲಿದ್ದರು. 1990ರಲ್ಲಿ ಬಿಡುಗಡೆಯಾಗಿ, 1994ರಲ್ಲಿ ಅಧ್ಯಕ್ಷರಾದರು. "ನಮ್ಮ ಕಡೆ ಹೀಗೆ ಇರಲಿಲ್ವಾ?" ಎಂದು ಮೇಷ್ಟ್ರು ಕೇಳಿದರು. ನಾವೆಲ್ಲ "ಇಲ್ಲ ಸಾರ್" ಅಂದೆವು. ಆದರೆ ಇತ್ತು. ಅಲ್ಲಿ ಬಣ್ಣ ನೋಡುತ್ತಿದ್ದರು, ಇಲ್ಲಿ ಜಾತಿ ಕೇಳುತ್ತಿದ್ದರು. ಅಷ್ಟೇ ವ್ಯತ್ಯಾಸ.

ನಮ್ಮ ಕಳಸದಿಂದ ಕುದುರೆಮುಖದ ಘಟ್ಟ ಇಳಿದು ಕಾರ್ಕಳ ದಾಟಿದರೆ ಮಂಗಳೂರು ಸಿಗುತ್ತದೆ. ಅಲ್ಲಿ ಕುದ್ಮುಲ್ ರಂಗರಾಯರು ಎಂಬ ವಕೀಲರಿದ್ದರು. ಅವರು 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮೇಲ್ಜಾತಿಯವರಾದರೂ ದಲಿತ ಮಕ್ಕಳಿಗೆ ಶಾಲೆಯೊಳಗೆ ಜಾಗ ಇಲ್ಲದ್ದನ್ನು ಕಂಡು ಅವರಿಗೆ ಬೇಸರವಾಯಿತು. 1892ರಲ್ಲಿ ಅವರಿಗಾಗಿಯೇ ಒಂದು ಶಾಲೆ ತೆರೆದರು. ಆಗ ಡಾ. ಅಂಬೇಡ್ಕರರು ಒಂದು ವರ್ಷದ ಮಗು!

ಶಾಲೆ ತೆರೆದರೆ ಸಾಕೇ? ಕಲಿಸಲು ಮೇಲ್ಜಾತಿಯ ಶಿಕ್ಷಕರು ಬರಲಿಲ್ಲ. ಕ್ರೈಸ್ತ ಶಿಕ್ಷಕರು ಬಂದು ಪಾಠ ಮಾಡಿದರು. ಮಕ್ಕಳು ಕೂಲಿಗೆ ಹೋಗದಿದ್ದರೆ ಮನೆಯಲ್ಲಿ ಊಟಕ್ಕೆ ಕಷ್ಟ. ಅದಕ್ಕೆ ರಾಯರು ಮಧ್ಯಾಹ್ನ ಊಟ ಹಾಕಿಸಿದರು, ತಂದೆತಾಯಿಗಳಿಗೆ ದಿನಕ್ಕೆ ಎರಡು ಪೈಸೆಯನ್ನೂ ಕೊಟ್ಟರು. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ರಾಯರು ಯಾರ ಮೇಲೂ ಜಗಳಕ್ಕೆ ಹೋಗಲಿಲ್ಲ, ಶಾಲೆಯನ್ನೂ ಮುಚ್ಚಲಿಲ್ಲ. 1897ರಲ್ಲಿ ಇದಕ್ಕಾಗಿ ಒಂದು ಮಿಷನ್ ಸ್ಥಾಪಿಸಿ ನೇಯ್ಗೆ, ಬಡಗಿ ಕೆಲಸಗಳನ್ನೂ ಕಲಿಸಿದರು. ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಕೆಲಸ ಹಿಡಿದು ಕಾರಿನಲ್ಲಿ ಹೋಗಬೇಕು, ಆ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಅವರು 1928ರಲ್ಲಿ ತೀರಿಕೊಂಡರು. ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರಿದೆ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ನಾವೆಲ್ಲ ಬಿಸಿಯೂಟಕ್ಕೆ ಒಂದೇ ಸಾಲಿನಲ್ಲಿ ಕೂರುತ್ತೇವೆ. ಆದರೆ ಒಂದು ಸತ್ಯ ಹೇಳುತ್ತೇನೆ. ಕಾಫಿ ಕೊಯ್ಲಿನ ರಜೆಯಲ್ಲಿ ನಾನು ತೋಟದ ಲೈನ್‌ಮನೆಯಲ್ಲಿರುವ ನನ್ನ ಗೆಳೆಯನ ಮನೆಗೆ ಹೋಗಿದ್ದೆ. ಅವನ ಅಮ್ಮ ಬೆಲ್ಲದ ಕಾಫಿ ಕೊಟ್ಟರು. "ಅಲ್ಲಿ ಏನೂ ಕುಡೀಬೇಡ" ಎಂದು ಮನೆಯಲ್ಲಿ ಹೇಳಿದ್ದು ನೆನಪಾಗಿ, ಹೊಟ್ಟೆನೋವು ಅಂತ ಸುಳ್ಳು ಹೇಳಿದೆ. ಅವನು ಏನೂ ಕೇಳಲಿಲ್ಲ. ಆದರೆ ಅವನಿಗೆ ಗೊತ್ತಾಯಿತು ಅಂತ ನನಗೆ ಗೊತ್ತು. ಆಮೇಲೆ ಅವನು ಕರೆಯಲೂ ಇಲ್ಲ.

ರಂಗರಾಯರು ಇಡೀ ಊರನ್ನು ಎದುರಿಸಿದರು. ನನಗೆ ಒಂದು ಲೋಟ ಕಾಫಿ ಕುಡಿಯಲು ಧೈರ್ಯವಾಗಲಿಲ್ಲ. ಈ ಭಾನುವಾರ ಅವನ ಮನೆಗೆ ನಾನೇ ಹೋಗಿ ಕಾಫಿ ಕೇಳುತ್ತೇನೆ. ಮನೆಯಲ್ಲಿಯೂ ಹೇಳಿಯೇ ಹೋಗುತ್ತೇನೆ.

ಉತ್ತರ ಬರೆಯಿರಿ:
1. ರಂಗರಾಯರು ಶಾಲೆ ತೆರೆದದ್ದು ಯಾವ ವರ್ಷ?
2. ಮಕ್ಕಳ ತಂದೆತಾಯಿಗಳಿಗೆ ಎರಡು ಪೈಸೆ ಕೊಟ್ಟದ್ದು ಏಕೆ?
3. ನೀವು ಯಾರ ಮನೆಯಲ್ಲಿ ನೀರು ಕುಡಿಯುವುದಿಲ್ಲ? ಏಕೆ? (ಇದನ್ನು ಬರೆಯುವುದು ಬೇಡ, ಯೋಚಿಸಿದರೆ ಸಾಕು.)

— 7ನೇ ತರಗತಿ