ದನಕರುಗಳ ಯಕೃತ್ತನ್ನು ಕೊರೆಯುವ ಹುಳು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಕರಾವಳಿ, ಮಲೆನಾಡುಗಳ ಹುಟ್ಟೂರಿನ ಹಟ್ಟಿಯೊಡನೆ ಇಂದಿಗೂ ನಂಟಿದೆ. ಹಸು ಮೇವು ತಿಂದರೂ ಮೈಗೂಡುತ್ತಿಲ್ಲ, ಹಾಲೂ ಇಳಿದಿದೆ ಎಂಬ ಸುದ್ದಿ ಬಂದಾಗ ಹಿಂಡಿಗೆಂದು ಹಣ ಕಳುಹಿಸುವುದು ವಾಡಿಕೆ. ಆದರೆ ಗದ್ದೆ, ಕೆರೆ, ತೋಡುಗಳ ನಾಡಿನಲ್ಲಿ ಶಂಕಿಸಬೇಕಾದ ಇನ್ನೊಂದು ಕಾರಣವುಂಟು. ಅದೇ ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳು.

ಹುಳುವಿನ ಜೀವನಕ್ರಮ

ನಮ್ಮ ದೇಶದ ದನ, ಎಮ್ಮೆಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಫ್ಯಾಸಿಯೋಲ ಜೈಗ್ಯಾಂಟಿಕ ಎಂಬ ಜಾತಿ. ಎಲೆಯಾಕಾರದ ಈ ಹುಳು 2.5ರಿಂದ 7.5 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಇದರ ತತ್ತಿಗಳು ಸಗಣಿಯೊಡನೆ ನೀರನ್ನು ಸೇರಿ ಒಡೆಯುತ್ತವೆ. ಹೊರಬಂದ ಮರಿಗಳು ಸಿಹಿನೀರಿನ ಒಂದು ಬಗೆಯ ಬಸವನಹುಳುವಿನ ದೇಹವನ್ನು ಹೊಕ್ಕು ಅಲ್ಲಿ ಹಲವು ಪಟ್ಟು ವೃದ್ಧಿಸುತ್ತವೆ. ವಾರಗಳ ಬಳಿಕ ಹೊರಬಿದ್ದು, ಹುಲ್ಲಿಗೂ ಭತ್ತದ ಪೈರಿನ ಬುಡಕ್ಕೂ ಅಂಟಿ, ಕೋಶ ಕಟ್ಟಿಕೊಂಡು ಕಾಯುತ್ತವೆ. ಕುರಿಗಳನ್ನು ಕಾಡುವ ಸಮೀಪದ ಜಾತಿಯ ಈ ರಹಸ್ಯವನ್ನು ಇಂಗ್ಲೆಂಡಿನ ತಾಮಸ್ ಮತ್ತು ಜರ್ಮನಿಯ ಲ್ಯೂಕಾರ್ಟ್ 1880ರ ದಶಕದ ಆರಂಭದಲ್ಲಿ ಪ್ರತ್ಯೇಕವಾಗಿ ಬಿಡಿಸಿದರು.

ಶರೀರದ ಮೇಲಾಗುವ ಪರಿಣಾಮ

ಮೇವಿನೊಡನೆ ಒಳಸೇರಿದ ಮರಿಹುಳುಗಳು ಕರುಳನ್ನು ಭೇದಿಸಿ ಯಕೃತ್ತನ್ನು ತಲುಪಿ, ವಾರಗಟ್ಟಲೆ ಅದನ್ನು ಕೊರೆಯುತ್ತಾ ಸಾಗುತ್ತವೆ. ಕೊನೆಗೆ ಪಿತ್ತನಾಳಗಳಲ್ಲಿ ನೆಲೆಸಿ ರಕ್ತ ಹೀರುತ್ತವೆ. ನಾಳಗಳು ದಪ್ಪಗಾಗಿ ಗಡುಸಾಗುತ್ತವೆ. ರಕ್ತದ ಸಸಾರಜನಕ ಸೋರಿಹೋಗುವುದರಿಂದ ಗದ್ದದ ಕೆಳಗೆ ನೀರು ತುಂಬಿದ ಮೆತ್ತನೆಯ ಬಾವು ಕಾಣಿಸಿಕೊಳ್ಳಬಹುದು. ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ, ಮೈ ಸೊರಗುತ್ತದೆ, ಹಾಲು ಇಳಿಯುತ್ತದೆ.

ಕುರಿಗಳು ಈ ರೋಗದಿಂದ ಹಠಾತ್ತನೆ ಸಾಯುವುದುಂಟು. ಬೆಳೆದ ದನಗಳು ಸಾಯುವುದು ವಿರಳ. ಆದುದರಿಂದಲೇ ಇದು ಅಲಕ್ಷ್ಯಕ್ಕೆ ಗುರಿಯಾಗಿದೆ. ಲೆಕ್ಕಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ಇದು ಅಸಲನ್ನೇ ದಿನದಿನವೂ ಸವೆಸುವ ಸೋರಿಕೆ. ಸಾಲ ಮಾಡಿ ಕೊಂಡ ಹಸುವಿನ ಹಾಲು ಇಳಿದರೂ ಸಾಲದ ಕಂತು ಇಳಿಯದು. ಸಾಮಾನ್ಯ ಜಾನುವಾರು ವಿಮೆಯೂ ಮುಖ್ಯವಾಗಿ ಸಾವಿಗೆ ಪರಿಹಾರ ಕೊಡುತ್ತದೆಯೇ ಹೊರತು ಹೀಗೆ ಮೆಲ್ಲಮೆಲ್ಲನೆ ಬತ್ತಿದ ಹಾಲಿಗಲ್ಲ.

ಚಿಕಿತ್ಸೆ

ಪಶು ಆಸ್ಪತ್ರೆಯಲ್ಲಿ ಸಗಣಿ ಪರೀಕ್ಷೆ ಮಾಡಿಸುವುದು ಮೊದಲ ಹೆಜ್ಜೆ. ಆದರೆ ಹುಳುಗಳು ತತ್ತಿಯಿಡಲು ಸುಮಾರು ಮೂರು ನಾಲ್ಕು ತಿಂಗಳು ಬೇಕು. ಅದಕ್ಕೆ ಮೊದಲು ಮಾಡಿದ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ಜಂತುಹುಳದ ಔಷಧಿಗಳೆಲ್ಲವೂ ಇದಕ್ಕೆ ನಾಟುವುದಿಲ್ಲ. ಆಕ್ಸಿಕ್ಲೋಜನೈಡ್ ಬಲಿತ ಹುಳುಗಳನ್ನು ಕೊಲ್ಲುತ್ತದೆ. ಟ್ರೈಕ್ಲಾಬೆಂಡಜೋಲ್ ಎಳೆಯವನ್ನೂ ಕೊಲ್ಲುತ್ತದೆ. ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟು ದಿನ ಆ ಹಾಲನ್ನು ಬಳಸಬಾರದು ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಬಳಿಕ ಇನ್ನೊಮ್ಮೆ ಔಷಧಿ ಕುಡಿಸುವ ಪದ್ಧತಿ ರೂಢಿಯಲ್ಲಿದೆ.

ಮುನ್ನೆಚ್ಚರಿಕೆ

1. ಹಸಿ ಸಗಣಿಯನ್ನು ಗದ್ದೆಗೆ ಹಾಕದೆ ಗುಂಡಿಯಲ್ಲಿ ಚೆನ್ನಾಗಿ ಕೊಳೆಸಬೇಕು. ಅಲ್ಲಿನ ಕಾವಿಗೆ ತತ್ತಿಗಳು ಸಾಯುತ್ತವೆ.

2. ನೀರಿಳಿದ ಕೆರೆಯಂಚಿನಲ್ಲಿ ದನ ಮೇಯಿಸಬಾರದು. ಬಾವಿಯ ನೀರನ್ನು ತೊಟ್ಟಿಯಲ್ಲಿ ಕುಡಿಸಬೇಕು.

3. ಬೈಹುಲ್ಲನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ನೀರಿನಲ್ಲಿ ನಿಂತಿದ್ದ ಬುಡದ ಭಾಗವನ್ನು ಹಸಿಯಾಗಿ ತಿನ್ನಿಸಬಾರದು.

4. ಬಾತುಕೋಳಿಗಳು ಬಸವನಹುಳುಗಳನ್ನು ತಿನ್ನುವುದರಿಂದ ಅವುಗಳ ಸಾಕಣೆಯೂ ಸಹಾಯಕ.

ಈ ಹುಳು ಹಾಲಿನ ಮೂಲಕ ಮನುಷ್ಯರಿಗೆ ಹರಡುವುದಿಲ್ಲ. ಆದರೆ ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿಂದವರಿಗೆ ತಗಲಬಹುದು. ಬೇಯಿಸಿ ತಿನ್ನುವುದೇ ಕ್ಷೇಮ. ಊರಿನ ಹಟ್ಟಿಗಾಗಿ ವರ್ಷದ ಖರ್ಚು ಲೆಕ್ಕಹಾಕುವ ಬಂಧುಗಳು ಸಗಣಿ ಪರೀಕ್ಷೆಗೂ ಔಷಧಿಗೂ ಅದರಲ್ಲೊಂದು ಸಾಲನ್ನು ತಪ್ಪದೆ ಬರೆದಿಡಲಿ.